ಕಾಲ್ಗುಣ

ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ಕುತೈಸಿಯಲ್ಲಿ ಇಳಿದೆ,
ಎರಡು ಸೂಟ್‌ಕೇಸು, ಪುಸ್ತಕದ ಆರು ಡಬ್ಬ,
ಗ್ಯುಮ್ರಿಯಿಂದ ಅಕ್ಕ ಕಟ್ಟಿಕೊಟ್ಟ ಒಣ ಏಪ್ರಿಕಾಟು.
ನೇಮಕದ ಪತ್ರದಲ್ಲಿ ಜನವರಿ ಒಂದು ಎಂದಿತ್ತು.
ಜನವರಿ ಒಂದರಂದು ಈ ದೇಶದಲ್ಲಿ
ಕೆಲಸಕ್ಕೆ ಹೋಗುವುದು ರಿಯೋನಿ ನದಿ ಒಂದೇ
ಎಂದು ಪತ್ರ ಬರೆದವರಿಗೂ ಗೊತ್ತಿರಬೇಕು.

ವಿಭಾಗಕ್ಕೆ ಬೀಗ.
ಕಾವಲಿನ ಜೌರಿ ಗೊಂಚಲು ಕುಲುಕಿ ತೋರಿಸಿದ:
ನಲವತ್ತು ಕೀಲಿ, ನನ್ನದೊಂದು ಬಿಟ್ಟು.
ಅದು ಡೀನರ ಕೋಟಿನ ಜೇಬಲ್ಲಿ,
ಕೋಟು ಬತೂಮಿಯಲ್ಲಿ,
ಡೀನರು ಬರುವುದು ಎಂಟಕ್ಕೆ.
ಗಾಜಿಗೆ ಹಣೆ ಒತ್ತಿ ನೋಡಿದೆ.
ನನ್ನ ಮೇಜು. ಮೇಲೆ ಯಾರದೋ ಹೆಸರಿನ ಫಲಕ,
ಯಾರೋ ಮರೆತ ಒಂದು ಕೈಗವಸು.

ಮನೆ ಮೂರನೇ ಮಹಡಿ. ಹೀಟರು ಕೆಮ್ಮುತ್ತದೆ, ಕಾಯುವುದಿಲ್ಲ.
ಎದುರು ಮನೆಯ ಲಮಾರಾ ನನ್ನ ಹೆಸರು ಕೇಳಲಿಲ್ಲ.
"ಏಯ್ ಯೂನಿವರ್ಸಿಟಿ," ಎಂದು ಕೂಗಿ
ವಾಲ್‌ನಟ್ ಅರೆದ ಸಾರಿನ ಬಟ್ಟಲು ಕೈಗಿಟ್ಟಳು,
ಬಟ್ಟಲು ವಾಪಸು ಕೊಡಲು ಹೋದಾಗ ಇನ್ನೊಂದು.
ಮಾರುಕಟ್ಟೆಯಲ್ಲಿ ನಾನೂ ಕೊಂಡೆ, ಎಲ್ಲರಂತೆ,
ಹೆರೆದ ಕೊಂಬೆಯ ಆ ಮರ:
ಮೇಲಿಂದ ಕೆಳಗೆ ಬಿಳಿ ಸುರುಳಿ,
ಮುದುಕನೊಬ್ಬ ಗಡ್ಡ ಬಿಟ್ಟು ಮೂಲೆಯಲ್ಲಿ ನಿಂತ ಹಾಗೆ.
ಮೊದಲ ರಾತ್ರಿ ಅವನೊಂದಿಗೇ ಮಾತು.

ಮೂವತ್ತೊಂದರ ಸಂಜೆ ಲಮಾರಾ ಬಂದಳು, ವಿಷಯಕ್ಕೆ ನೇರ:
"ನಡುರಾತ್ರಿ ದಾಟಿದ ಮೇಲೆ ನೀನೇ ಮೊದಲು ಹೊಸ್ತಿಲು ತುಳಿಯಬೇಕು.
ಹೋದ ವರ್ಷ ಮೈದುನ ತುಳಿದಿದ್ದ.
ಫ್ರಿಜ್ಜು ಕೆಟ್ಟಿತು, ಮಗ ಪೋಲೆಂಡಿಗೆ ಹೋದ, ಬೆಕ್ಕು ಕೂಡ ಹೋಯಿತು."
ಮೆಕ್ವ್ಲೆ ಎನ್ನುತ್ತಾರೆ ಹಾಗೆ ತುಳಿದವರಿಗೆ.

ನನ್ನ ಅರ್ಧಂಬರ್ಧ ಜಾರ್ಜಿಯನ್ನಿನಲ್ಲಿ ಹೇಳಿ ನೋಡಿದೆ:
ನಾನು ಕಾಲಿಟ್ಟ ಒಂದು ವಿಭಾಗ ಮುಚ್ಚಿತು,
ಇನ್ನೊಂದು ಮುಚ್ಚುವ ಮೊದಲು ನನ್ನನ್ನು ಬಿಟ್ಟಿತು,
ಒಂದು ಮದುವೆ...
ಮದುವೆಗೆ ಶಬ್ದ ಸಿಗಲಿಲ್ಲ.
"ಅದೆಲ್ಲ ಅಲ್ಲಿಯ ಕಾಲು," ಎಂದಳು. "ಇಲ್ಲಿಯದು ಇನ್ನೂ ಹೊಸದು."

ಊರೆಲ್ಲ ಪಟಾಕಿ, ಮೆಟ್ಟಿಲಲ್ಲಿ ಮದ್ದಿನ ಹೊಗೆ.
ಕೈಯಲ್ಲಿ ಅಕ್ಕನ ಏಪ್ರಿಕಾಟಿನ ತಟ್ಟೆ,
ಬಾಗಿಲು ತೆರೆದಿದೆ, ಒಳಗೆ ಒಂಬತ್ತು ಜನ ಉಸಿರು ಹಿಡಿದಿದ್ದಾರೆ,
ಮೊಮ್ಮಗಳು ಎಲೆನೆ ಕುರ್ಚಿ ಹತ್ತಿ ನನ್ನ ಬೂಟನ್ನೇ ನೋಡುತ್ತಿದ್ದಾಳೆ.
ಬಲಗಾಲು, ಬಲಗಾಲು ಎಂದುಕೊಳ್ಳುತ್ತ
ಕಾಲೊರಸು ಎಡವಿ
ಎಡಗಾಲಲ್ಲಿ ಒಳಗೆ ಬಿದ್ದೆ.

ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು.
ಹರಕೆಯ ಮಾತು ಹೇಳಬೇಕಿತ್ತು, ಲಮಾರಾ ಮಧ್ಯಾಹ್ನವೇ ಕಲಿಸಿದ್ದಳು,
ಒಂದಕ್ಷರ ನೆನಪಿಲ್ಲ.
ಕಣ್ಣು ತನ್ನಷ್ಟಕ್ಕೆ ಗೋಡೆ ಹತ್ತಿತು:
ಕಿಟಕಿಯ ಮೂಲೆಯಿಂದ ಸೂರಿನವರೆಗೆ ಒಂದು ಬಿರುಕು.
ನಾನು ಪಾಠ ಹೇಳುವುದೇ ಅದನ್ನು.
ನೆಲ ನಡುಗಿದ ಊರಲ್ಲಿ ಬೆಳೆದವಳು,
ಅನ್ನದ ತಟ್ಟೆಯಲ್ಲೂ ಬಿರುಕು ಹುಡುಕುತ್ತೇನೆ.
ಹತ್ತಿರ ಹೋದೆ, ಉಗುರು ತೂರಿಸಿದೆ, ಬೆರಳಿನ ಗಂಟಿನಿಂದ ತಟ್ಟಿ ಕೇಳಿದೆ.
"ಇದು ಗಾರೆಯಲ್ಲಷ್ಟೇ," ಎಂದೆ.
"ಗೋಡೆ ಗಟ್ಟಿ. ನಿಲ್ಲುತ್ತದೆ."

ಎಷ್ಟು ವರ್ಷ ಆ ಬಿರುಕಿನ ಕೆಳಗೆ ಮಲಗಿದ್ದಳೋ,
ಲಮಾರಾ ಸೆರಗಿಲ್ಲದ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು.
ಆಮೇಲೆ ಎಲ್ಲರೂ ಒಟ್ಟಿಗೇ ಮಾತು, ಗ್ಲಾಸು, ಜೇನಿನ ವಾಲ್‌ನಟ್ಟು.
"ಆದರೂ," ಎಂದಳು ಎಲೆನೆ, ಲೆಕ್ಕ ಬಿಡದವಳು,
"ಹದಿನಾಲ್ಕಕ್ಕೆ ಹಳೆಯ ಹೊಸವರ್ಷ ಇದೆ.
ಆಗ ಸರಿಯಾದ ಕಾಲು ಇಡಿ."

ಜನವರಿ ಎರಡು ಇಲ್ಲಿ ಅದೃಷ್ಟದ ದಿನ:
ಆ ದಿನ ಕಳೆದ ಹಾಗೆ ವರ್ಷವೆಲ್ಲ ಕಳೆಯುತ್ತದಂತೆ.
ಗೊತ್ತಿದ್ದೂ ಗೊತ್ತಿದ್ದೂ ಹೋದೆ ವಿಭಾಗಕ್ಕೆ.
ಬೀಗ ಹಾಗೇ ಇತ್ತು, ಒಳಗೆ ಕೈಗವಸು ಹಾಗೇ ಇತ್ತು.
ಜೌರಿ ತನ್ನ ಗೂಡಿನಲ್ಲಿ ಸ್ಟೂಲು ಎಳೆದು ಕೊಟ್ಟ,
ಚಹಾ ಬಗ್ಗಿಸಿದ, ನಿಂಬೆಹೋಳು ಬಿಟ್ಟ,
ಸೊಂಟ ನೋವಿನ ಬಗ್ಗೆ ಹೇಳಿದ,
ನಾನು ಹೆಸರು ಹೇಳಿದೆ, ಹ್ರಿಪ್ಸಿಮೆ.
ಎರಡು ಸಲ ತಪ್ಪಿ ಮೂರನೆಯ ಸಲ ಸರಿ ಅಂದ.

ಹಾಗಾದರೆ ಈ ವರ್ಷ ಇಷ್ಟೇ:
ಮುಚ್ಚಿದ ಬಾಗಿಲು, ಪಕ್ಕದಲ್ಲಿ ಬಿಸಿ ಚಹಾ.
ಹೊರಗೆ ಮಂಜು ಬೀಳಲೋ ಬೇಡವೋ ಎನ್ನುತ್ತಿತ್ತು.
ಇನ್ನೊಂದು ಗ್ಲಾಸು ಹಾಕಲೇ ಎಂದ.
ಹಾಕು ಎಂದೆ.